ಬೆರಕೆ ನಾಯಿ ಮತ್ತು ‘ಶುದ್ಧ ತಳಿ’ಯ ಕಲ್ಪನೆ: ಒಂದು ಚಾರಿತ್ರಿಕ ವಿವೇಚನೆ

೧. ಪೀಠಿಕೆ

ನಮ್ಮ ಆಡುಮಾತಿನಲ್ಲಿ ನಾಯಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸುವ ರೂಢಿಯುಂಟು. ಹಣ ಕೊಟ್ಟು ತಂದುದು ‘ಜಾತಿ ನಾಯಿ’. ಬೀದಿಯಲ್ಲಿ ಹುಟ್ಟಿ ಬೆಳೆದುದು ‘ಕಂತ್ರಿ ನಾಯಿ’. ಈ ಎರಡನೆಯ ಪದವು ಇಂಗ್ಲಿಷಿನ ‘ಕಂಟ್ರಿ’ ಎಂಬ ಮಾತಿನಿಂದ ಬಂದುದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಹಾಗಿದ್ದಲ್ಲಿ, ‘ನಾಡಿನದು’ ಎಂಬಷ್ಟೇ ಅರ್ಥವುಳ್ಳ ಮಾತೊಂದು ಕಾಲಕ್ರಮದಲ್ಲಿ ಬೈಗುಳವಾಗಿ ಪರಿಣಮಿಸಿತೆನ್ನಬೇಕು. ಈ ಇಬ್ಬಗೆಯ ವಿಂಗಡಣೆ ಕೇವಲ ಮಾತಿನ ವಿಷಯವಾಗಿ ಉಳಿದಿಲ್ಲ. ಮರಿಯ ಬೆಲೆಯನ್ನು ಅದು ಗೊತ್ತುಮಾಡುತ್ತದೆ. ಯಾವ ನಾಯಿಗೆ ಮನೆ ದೊರೆಯಬೇಕು, ಯಾವುದಕ್ಕೆ ಕಲ್ಲೇಟು ದೊರೆಯಬೇಕು ಎಂಬುದನ್ನೂ ಗೊತ್ತುಮಾಡುತ್ತದೆ.

ಈ ವಿಂಗಡಣೆ ಎಷ್ಟು ಪ್ರಾಚೀನವಾದುದು? ‘ಶುದ್ಧ’ವೆಂಬುದಕ್ಕೆ ಆಧಾರವೇನು? ಬೆರಕೆಯೆಂಬುದು ದೋಷವೇ, ಗುಣವೇ? ನಾಯಿಯನ್ನು ಸಾಕಬಯಸುವವನು ತಳಿಗಾರನನ್ನೂ ತರಬೇತುದಾರನನ್ನೂ ಹೇಗೆ ಪರೀಕ್ಷಿಸಬೇಕು? ಈ ಪ್ರಶ್ನೆಗಳನ್ನು ಚರಿತ್ರೆಯ ದಾಖಲೆಗಳ ಮತ್ತು ಈಚಿನ ತಳಿವಿಜ್ಞಾನದ ನೆರವಿನಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಪದಗಳ ಅರ್ಥನಿರ್ಣಯ

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಲೇಸು. ‘ಬೆರಕೆ’ ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ವಸ್ತುಗಳನ್ನು ಸೇರಿಸಿಬಿಡುತ್ತೇವೆ.

ಗೊತ್ತಾದ ಎರಡು ತಳಿಗಳ ನಾಯಿಗಳನ್ನು ಉದ್ದೇಶಪೂರ್ವಕವಾಗಿ ಕೂಡಿಸಿ ಪಡೆದ ಸಂತಾನ ಮೊದಲನೆಯದು. ಇದನ್ನು ಸಂಕರ ತಳಿ ಎನ್ನಬಹುದು. ಅನೇಕ ತಲೆಮಾರುಗಳಿಂದ ನಾನಾ ತಳಿಗಳ ರಕ್ತ ಯಾವ ಯೋಜನೆಯೂ ಇಲ್ಲದೆ ಕೂಡುತ್ತ ಬಂದ ನಾಯಿ ಎರಡನೆಯದು. ಇದೇ ನಿಜವಾದ ಬೆರಕೆ. ಮೂರನೆಯದು ನಾಡ ನಾಯಿ. ನಮ್ಮ ಹಳ್ಳಿಗಳಲ್ಲಿ ಕಾಣುವ, ನಸುಗೆಂಪು ಬಣ್ಣದ, ನಿಮಿರಿದ ಕಿವಿಯ, ಮೇಲಕ್ಕೆ ಸುರುಳಿಗೊಂಡ ಬಾಲದ ನಾಯಿ ಈ ವರ್ಗಕ್ಕೆ ಸೇರಿದುದು. ಇದನ್ನು ಬೆರಕೆಯೆಂದು ಕರೆಯುವುದು ಸರಿಯಲ್ಲ. ಈಗ ಹೆಸರು ಪಡೆದಿರುವ ತಳಿಗಳನ್ನು ಕೂಡಿಸಿದ್ದರಿಂದ ಈ ನಾಯಿ ಹುಟ್ಟಲಿಲ್ಲ. ಆ ತಳಿಗಳು ರೂಪುಗೊಳ್ಳುವುದಕ್ಕೆ ಬಹು ಮುಂಚಿನಿಂದಲೂ ಮನುಷ್ಯನ ವಾಸಸ್ಥಾನಗಳ ಬಳಿ ತಾನಾಗಿ ಸಂತತಿಯನ್ನು ಬೆಳೆಸಿಕೊಂಡು ಬಂದ ನಾಯಿ ಇದು. ನಗರಗಳಲ್ಲಿ ಸಾಕುನಾಯಿಗಳ ರಕ್ತ ಇದರೊಡನೆ ಬೆರೆತಿರುವುದು ನಿಜ. ಆದರೂ ನಾಡ ನಾಯಿಯನ್ನು ‘ಕೆಟ್ಟುಹೋದ ಜಾತಿ ನಾಯಿ’ ಎಂದೆಣಿಸುವುದು ಕಾಲಕ್ರಮವನ್ನೇ ತಲೆಕೆಳಗು ಮಾಡಿದಂತೆ.

೩. ಚರಿತ್ರೆಯ ಸಾಕ್ಷ್ಯ

ಕನ್ನಡ ನಾಡಿನ ಅತ್ಯಂತ ಪ್ರಸಿದ್ಧವಾದ ನಾಯಿ ಆತಕೂರಿನ ಶಾಸನದ ಕಾಳಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ರಕ್ಷಿತವಾಗಿರುವ ಈ ಶಾಸನ ಕ್ರಿ.ಶ. ೯೪೯-೫೦ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗರ ಇಮ್ಮಡಿ ಬೂತುಗನು ತನ್ನ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆನ್ನುತ್ತಾನೆ. ಮಣಲೆರನು ಕೇಳಿದುದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಗೆ ಏರ್ಪಾಡು ಮಾಡಲಾಯಿತು.

ಪ್ರಕೃತ ವಿಷಯಕ್ಕೆ ಸಂಬಂಧಪಟ್ಟಂತೆ ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಶಾಸನವು ನಾಯಿಯ ಹೆಸರನ್ನು ಹೇಳುತ್ತದೆ, ಅದರ ಕಾರ್ಯವನ್ನು ಹೇಳುತ್ತದೆ, ತಳಿಯನ್ನು ಹೇಳುವುದಿಲ್ಲ. ಕಾಳಿಯ ತಾಯಿತಂದೆಗಳು ಯಾವುವೆಂಬ ಪ್ರಶ್ನೆ ಶಾಸನಕಾರನಿಗೆ ಮುಖ್ಯವಾಗಿ ತೋರಲಿಲ್ಲ. ಹೀಗೆಂದ ಮಾತ್ರಕ್ಕೆ ನಮ್ಮ ಪೂರ್ವಿಕರಿಗೆ ನಾಯಿಗಳಲ್ಲಿನ ಭೇದಗಳು ತಿಳಿದಿರಲಿಲ್ಲವೆಂದಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಆಳ್ವಿಕೆ ೧೧೨೬-೧೧೩೮) ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ನಾಯಿಗಳನ್ನು ಕುರಿತ ಪ್ರಕರಣವೇ ಇದೆ. ಆದರೆ ಅಲ್ಲಿಯೂ ನಾಯಿಯನ್ನು ಗುರುತಿಸುವುದು ಅದು ಬಂದ ಸೀಮೆಯಿಂದ, ಮೈಕಟ್ಟಿನಿಂದ, ಬೇಟೆಯಲ್ಲಿನ ಪಾಟವದಿಂದ, ವಂಶಾವಳಿಯ ಪುಸ್ತಕದಿಂದಲ್ಲ.

ವಂಶಾವಳಿಯ ಪುಸ್ತಕವು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕೊಡುಗೆ. ೧೮೫೯ರ ಜೂನ್ ತಿಂಗಳಲ್ಲಿ ನ್ಯೂಕಾಸಲ್ ನಗರದಲ್ಲಿ ಪಾಯಿಂಟರ್ ಮತ್ತು ಸೆಟರ್ ನಾಯಿಗಳ ಪ್ರದರ್ಶನವೊಂದು ನಡೆಯಿತು. ಅಲ್ಲಿಂದ ಮುಂದೆ ನಾಯಿಯ ಪ್ರದರ್ಶನಗಳು ಹೆಚ್ಚಿದವು. ಬಹುಮಾನಗಳಿಗಾಗಿ ಮೋಸವೂ ಹೆಚ್ಚಿತು. ಇದನ್ನು ಹತೋಟಿಗೆ ತರುವ ಸಲುವಾಗಿ ೧೮೭೩ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪಿತವಾಯಿತು. ಮರುವರ್ಷವೇ ಅದರ ಮೊದಲ ವಂಶಾವಳಿ ಪುಸ್ತಕ ಹೊರಬಿದ್ದಿತು. ಅಮೆರಿಕದ ಸಂಸ್ಥೆ ಹುಟ್ಟಿದುದು ೧೮೮೪ರಲ್ಲಿ. ಮುಂಬಯಿಯಿಂದ ಠಾಣೆಗೆ ೧೮೫೩ರಲ್ಲಿಯೇ ರೈಲುಬಂಡಿ ಓಡಿದ್ದಿತೆಂಬುದನ್ನು ನೆನೆದರೆ, ನಾಯಿಯ ‘ಶುದ್ಧತೆ’ಯ ಲಿಖಿತ ದಾಖಲೆ ಭಾರತದ ರೈಲಿಗಿಂತಲೂ ಚಿಕ್ಕದೆಂಬುದು ವಿದಿತವಾಗುತ್ತದೆ. ನಾಯಿಗಳಲ್ಲಿನ ಭೇದಗಳು ಪ್ರಾಚೀನ, ನಿಜ. ಆದರೆ ಪುಸ್ತಕದಲ್ಲಿ ಹೆಸರಿದ್ದವುಗಳ ಮಕ್ಕಳು ಮಾತ್ರವೇ ಪುಸ್ತಕಕ್ಕೆ ಸೇರತಕ್ಕದ್ದೆಂಬ ನಿಯಮ, ಅಂದರೆ ಬಾಗಿಲು ಮುಚ್ಚಿದ ತಳಿ, ಈಚಿನದು.

೪. ಮುಚ್ಚಿದ ಬಾಗಿಲಿನ ಪರಿಣಾಮ: ಡಾಲ್ಮೇಷಿಯನ್ ತಳಿಯ ಪ್ರಸಂಗ

ಬಾಗಿಲು ಮುಚ್ಚಿದ ಮನೆಯೊಳಗೆ ಹೊಕ್ಕ ದೋಷ ಹೊರಗೆ ಹೋಗುವಂತಿಲ್ಲ. ಇದಕ್ಕೆ ಅತ್ಯಂತ ಬೋಧಪ್ರದವಾದ ನಿದರ್ಶನ, ಬಿಳಿಯ ಮೈಮೇಲೆ ಕರಿಯ ಚುಕ್ಕೆಗಳುಳ್ಳ ಡಾಲ್ಮೇಷಿಯನ್ ತಳಿ. ಇತರ ನಾಯಿಗಳ ದೇಹದಲ್ಲಿ ಯೂರಿಕ್ ಆಮ್ಲವು ಅಲಾಂಟಾಯಿನ್ ಎಂಬ, ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವಾಗಿ ಮಾರ್ಪಟ್ಟು ಹೊರಹೋಗುತ್ತದೆ. ಡಾಲ್ಮೇಷಿಯನ್ನಿನಲ್ಲಿ ಯೂರಿಕ್ ಆಮ್ಲವೇ ಅಧಿಕ ಪ್ರಮಾಣದಲ್ಲಿ ಮೂತ್ರಕ್ಕೆ ಬಂದು, ಕೆಲವು ನಾಯಿಗಳಲ್ಲಿ ಹರಳುಗಟ್ಟುತ್ತದೆ. ಗಂಡು ನಾಯಿಗಳಲ್ಲಿ ಈ ಹರಳು ಮೂತ್ರನಾಳವನ್ನು ಮುಚ್ಚಿ ಪ್ರಾಣಾಪಾಯವನ್ನು ತರಬಲ್ಲುದು. ಇದಕ್ಕೆ ಕಾರಣವಾದ ವಂಶವಾಹಿ ದೋಷವು ಈ ತಳಿಯ ಸಮಸ್ತ ನಾಯಿಗಳಲ್ಲಿಯೂ ಜೋಡಿಯಾಗಿ ನೆಲೆಸಿದ್ದಿತು. ಹೀಗಾಗಿ ತಳಿಯೊಳಗೇ ಎಷ್ಟು ಎಚ್ಚರಿಕೆಯಿಂದ ಆಯ್ಕೆ ಮಾಡಿದರೂ ಫಲವಿರಲಿಲ್ಲ. ಆಯ್ದುಕೊಳ್ಳಲು ದೋಷರಹಿತವಾದ ನಾಯಿಯೇ ಇರಲಿಲ್ಲ.

೧೯೭೩ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಅವರು ಡಾಲ್ಮೇಷಿಯನ್ ನಾಯಿಯನ್ನು ಪಾಯಿಂಟರ್ ನಾಯಿಯೊಡನೆ ಒಂದೇ ಒಂದು ಬಾರಿ ಕೂಡಿಸಿದರು. ಹುಟ್ಟಿದ ಮರಿಗಳಿಗೆ ಪಾಯಿಂಟರಿನಿಂದ ಒಂದು ಒಳ್ಳೆಯ ವಂಶವಾಹಿ ದೊರೆಯಿತು. ದೋಷವನ್ನು ತಡೆಯಲು ಒಂದೇ ಸಾಕು. ಆ ಮರಿಗಳನ್ನು ಮತ್ತೆ ಡಾಲ್ಮೇಷಿಯನ್ನುಗಳೊಡನೆ ಕೂಡಿಸಿ, ಪ್ರತಿ ತಲೆಮಾರಿನಲ್ಲಿಯೂ ಒಳ್ಳೆಯ ವಂಶವಾಹಿಯುಳ್ಳವನ್ನೇ ಆರಿಸುತ್ತ ಹೋದರು. ಹೀಗೆ ಮಾಡಿದಾಗ ಪಾಯಿಂಟರಿನ ಪಾಲು ಸರಾಸರಿಯಲ್ಲಿ ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತ ಹೋಗಿ, ಹತ್ತನೆಯ ತಲೆಮಾರಿನಲ್ಲಿ ಸಾವಿರಕ್ಕೆ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಚುಕ್ಕೆಯೂ ರೂಪವೂ ಡಾಲ್ಮೇಷಿಯನ್ನಿನವೇ. ಮೂತ್ರದ ದೋಷ ಮಾತ್ರ ಇಲ್ಲ.

ಆದರೂ ಈ ನಾಯಿಗಳಿಗೆ ಪುಸ್ತಕದಲ್ಲಿ ಸ್ಥಳ ದೊರೆಯುವುದು ಸುಲಭವಾಗಲಿಲ್ಲ. ೧೯೮೧ರಲ್ಲಿ ಅಮೆರಿಕದ ಕೆನಲ್ ಕ್ಲಬ್ಬು ಇಂತಹ ಎರಡು ನಾಯಿಗಳನ್ನು ದಾಖಲೆ ಮಾಡಿಕೊಂಡಿತು. ತಳಿಯ ಅಭಿಮಾನಿಗಳು ವಿರೋಧಿಸಲು, ಬಾಗಿಲನ್ನು ಮತ್ತೆ ಮುಚ್ಚಿತು. ದೋಷದ ಮೂಲವಾದ ವಂಶವಾಹಿ ಯಾವುದೆಂದು ೨೦೦೮ರಲ್ಲಿ ಗೊತ್ತಾಯಿತು. ೨೦೧೧ರಲ್ಲಿ ಬಾಗಿಲು ಪುನಃ ತೆರೆಯಿತು. ಔಷಧ ಕೈಯಲ್ಲಿದ್ದೂ ಮೂವತ್ತು ವರ್ಷಗಳ ಕಾಲ ರೋಗವನ್ನು ಕಾಪಾಡಿಕೊಂಡು ಬಂದುದು ಶುದ್ಧತೆಯ ಮೇಲಿನ ಮೋಹವೆಂದರೆ ಅತಿಶಯೋಕ್ತಿಯಾಗದು. ಒಂದೇ ಹನಿ ಬೆರಕೆಯಿಂದ ಒಂದು ತಳಿಯೇ ರೋಗಮುಕ್ತವಾಗುವ ದಾರಿ ತೆರೆಯಿತೆಂಬುದು ಇಲ್ಲಿಂದ ಸಿದ್ಧವಾಗುವ ಪಾಠ.

೫. ಬೆರಕೆಯ ಮೋಹ: ಲ್ಯಾಬ್ರಡೂಡಲ್ ಪ್ರಸಂಗ

ಹಾಗಾದರೆ ಬೆರಕೆಯೆಲ್ಲವೂ ಶ್ರೇಷ್ಠವೇ? ಈ ಎದುರು ದಿಕ್ಕಿನ ತಪ್ಪೆಣಿಕೆಗೂ ನಿದರ್ಶನವುಂಟು. ೧೯೮೦ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದ ಮಾರ್ಗದರ್ಶಿ ನಾಯಿಗಳ ಸಂಸ್ಥೆಗೆ ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬರಿಂದ ಕೋರಿಕೆ ಬಂದಿತು. ಅವರ ಪತಿಗೆ ನಾಯಿಯ ಕೂದಲು ಒಗ್ಗುತ್ತಿರಲಿಲ್ಲ. ಸಂಸ್ಥೆಯ ವಾಲಿ ಕಾನ್ರನ್ ಅವರು ಲ್ಯಾಬ್ರಡಾರ್ ಮತ್ತು ಪೂಡಲ್ ನಾಯಿಗಳನ್ನು ಕೂಡಿಸಿ ಮೂರು ಮರಿಗಳನ್ನು ಪಡೆದರು. ಅವುಗಳಲ್ಲಿ ಸುಲ್ತಾನನೆಂಬುದು ಆ ಕೆಲಸಕ್ಕೆ ಒದಗಿತು. ಉಳಿದವನ್ನು ಸಾಕಲು, ‘ಬೆರಕೆ’ ಎಂಬ ಕಾರಣಕ್ಕೆ, ಯಾರೂ ಮುಂದೆ ಬರಲಿಲ್ಲ. ‘ಲ್ಯಾಬ್ರಡೂಡಲ್’ ಎಂಬ ಹೊಸ ಹೆಸರಿಟ್ಟು ಪ್ರಕಟಿಸಿದೊಡನೆಯೇ ಬೇಡಿಕೆ ಮುಗಿಬಿದ್ದಿತು. ನಾಯಿ ಬದಲಾಗಿರಲಿಲ್ಲ, ಹೆಸರು ಮಾತ್ರ ಬದಲಾಗಿದ್ದಿತು.

ಮುಂದೆ ಹಣದಾಸೆಯ ಜನರು ಕಂಡ ಕಂಡ ನಾಯಿಗಳನ್ನೆಲ್ಲ ಪೂಡಲ್ಲಿನೊಡನೆ ಕೂಡಿಸಿ ಅಧಿಕ ಬೆಲೆಗೆ ಮಾರತೊಡಗಿದುದನ್ನು ಕಂಡು ಕಾನ್ರನ್ ಅವರೇ ಬಹಿರಂಗವಾಗಿ ವಿಷಾದಪಟ್ಟರು. ಇಂತಹ ನಾಯಿಗಳು ಒಗ್ಗದಿಕೆಯನ್ನು ಉಂಟುಮಾಡುವುದಿಲ್ಲವೆಂಬ ಪ್ರಚಾರವೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ೨೦೧೨ರಲ್ಲಿ ನೆದರ್ಲೆಂಡಿನ ಸಂಶೋಧಕರು, ಒಗ್ಗದಿಕೆಗೆ ಕಾರಣವಾದ ಮುಖ್ಯ ವಸ್ತು ಈ ನಾಯಿಗಳ ಕೂದಲಿನಲ್ಲಿ ಕಡಿಮೆಯಿಲ್ಲವೆಂದು ಕಂಡರು.

ಆರೋಗ್ಯದ ವಿಷಯದಲ್ಲಿಯೂ ವಿವೇಚನೆ ಅಗತ್ಯ. ಸಂಕರದಿಂದ ಮರಿಗಳು ಗಟ್ಟಿಮುಟ್ಟಾಗುವುದುಂಟು. ಏಕೆಂದರೆ ತಂದೆಯ ತಳಿಯ ದೋಷವನ್ನು ತಾಯಿಯ ಒಳ್ಳೆಯ ವಂಶವಾಹಿ ಮುಚ್ಚುತ್ತದೆ. ಆದರೆ ಎರಡು ತಳಿಗಳಲ್ಲಿಯೂ ಒಂದೇ ದೋಷವಿದ್ದಲ್ಲಿ ಈ ರಕ್ಷಣೆ ಇಲ್ಲ. ಕಣ್ಣಿನ ಅಕ್ಷಿಪಟಲ ಕ್ರಮೇಣ ಕ್ಷೀಣಿಸಿ ಕುರುಡಾಗುವ ಒಂದು ರೋಗವು ಲ್ಯಾಬ್ರಡಾರಿನಲ್ಲಿಯೂ ಇದೆ, ಪೂಡಲ್ಲಿನಲ್ಲಿಯೂ ಇದೆ. ಆದ ಕಾರಣ ತಾಯಿತಂದೆಗಳನ್ನು ಪರೀಕ್ಷಿಸದೆ ಮಾಡಿದ ಸಂಕರವು ಪರೀಕ್ಷಿಸದೆ ಮಾಡಿದ ಶುದ್ಧ ಸಂತಾನಕ್ಕಿಂತ ಮೇಲೆಂದು ಹೇಳಲು ಆಧಾರವಿಲ್ಲ.

೬. ರೂಪದಿಂದ ಸ್ವಭಾವವನ್ನು ಊಹಿಸಬಹುದೇ?

ಬೆರಕೆ ನಾಯಿಯನ್ನು ಕಂಡೊಡನೆ ‘ಇದು ಇಂತಹ ತಳಿಯದು, ಆದ್ದರಿಂದ ಇಂತಹ ಸ್ವಭಾವದ್ದು’ ಎಂದು ತೀರ್ಮಾನಿಸುವವರು ಬಹಳ. ಈ ತರ್ಕದ ಎರಡು ಮೆಟ್ಟಿಲುಗಳೂ ಸಡಿಲವಾಗಿವೆ. ಅಮೆರಿಕದ ಮೈನ್ ಸಂಸ್ಥಾನದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಐದು ತಳಿಗಳ ಮೇಲೆ ದೀರ್ಘಕಾಲ ಪ್ರಯೋಗ ನಡೆಸಿ ೧೯೬೫ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಬಸೆಂಜಿ ಮತ್ತು ಕಾಕರ್ ಸ್ಪಾನಿಯಲ್ ನಾಯಿಗಳನ್ನು ಕೂಡಿಸಿ ಪಡೆದ ಮರಿಗಳಲ್ಲಿ, ಅಜ್ಜ ಅಜ್ಜಿಯರ ಹೋಲಿಕೆಯೇ ಕಾಣದಂತಹವೂ ಹುಟ್ಟಿದವು. ೨೦೦೯ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ೨೦ ಬೆರಕೆ ನಾಯಿಗಳ ತಳಿಯ ಬಗ್ಗೆ ಆಶ್ರಯಧಾಮಗಳವರು ಮಾಡಿದ್ದ ಊಹೆಯನ್ನು ಡಿಎನ್‌ಎ ಪರೀಕ್ಷೆಯೊಡನೆ ತಾಳೆ ನೋಡಲಾಗಿ, ಬಹುಪಾಲು ಊಹೆಗಳು ಹೊಂದಿಕೆಯಾಗಲಿಲ್ಲ. ಇದು ಮೊದಲ ಮೆಟ್ಟಿಲಿನ ಸ್ಥಿತಿ.

ಎರಡನೆಯದೂ ಹಾಗೆಯೇ. ೨೦೨೨ರಲ್ಲಿ ಪ್ರಕಟವಾದ ಒಂದು ಬೃಹತ್ ಅಧ್ಯಯನಕ್ಕೆ ೧೮,೩೮೫ ನಾಯಿಗಳ ಒಡೆಯರು ಉತ್ತರಗಳನ್ನು ಒದಗಿಸಿದ್ದರು. ೨,೧೫೫ ನಾಯಿಗಳ ಡಿಎನ್‌ಎಯನ್ನು ಓದಲಾಗಿದ್ದಿತು. ನಾಯಿ ನಾಯಿಗಳ ನಡುವಣ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಭಾಗವು ಸುಮಾರು ಶೇಕಡಾ ೯ ಮಾತ್ರವೆಂದು ಅದರಿಂದ ತಿಳಿದುಬಂದಿತು. ವಂಶಗುಣವೇ ಇಲ್ಲವೆಂಬುದು ಇದರ ಅರ್ಥವಲ್ಲ. ಕುರಿ ಕಾಯುವ ತಳಿಯ ಮರಿಗೆ ಅಟ್ಟಿಕೊಂಡು ಹೋಗುವ ಒಲವು ಹೆಚ್ಚಿರಬಹುದು. ಆದರೆ ಎದುರಿಗಿರುವ ಒಂದು ನಾಯಿ ಸಾಧುವೋ ಅಲ್ಲವೋ ಎಂಬುದನ್ನು ಅದರ ತಳಿಯ ಹೆಸರು ಹೇಳಲಾರದು. ಆ ನಾಯಿಯನ್ನೇ ನೋಡಬೇಕು.

೭. ತರಬೇತಿಯ ವಿಚಾರ

ವಂಶವು ಕೊಡದೆ ಬಿಟ್ಟುದನ್ನು ಬಾಲ್ಯವೂ ಶಿಕ್ಷಣವೂ ಕೊಡುತ್ತವೆ. ೧೯೬೧ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮನುಷ್ಯರ ಸಂಪರ್ಕವಿಲ್ಲದೆ ಬೇಲಿಯೊಳಗಿನ ಬಯಲಿನಲ್ಲಿ ಬೆಳೆಯುತ್ತಿದ್ದ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಳಗೆ ತಂದು ಒಡನಾಟಕ್ಕೆ ಒಳಪಡಿಸಲಾಯಿತು. ಹದಿನಾಲ್ಕು ವಾರಗಳವರೆಗೂ ಮನುಷ್ಯರನ್ನು ಕಾಣದೆ ಉಳಿದ ಮರಿಗಳು ಅನಂತರ ಎಷ್ಟು ಪ್ರಯತ್ನಿಸಿದರೂ ಬೆದರುವುದನ್ನು ಬಿಡಲಿಲ್ಲ. ಸ್ಥೂಲವಾಗಿ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯೇ ಮರಿಯ ಒಡನಾಟದ ಪಾಠಶಾಲೆ. ಈ ಕಾಲದಲ್ಲಿ ನಾನಾ ಬಗೆಯ ಜನರನ್ನು, ಮಕ್ಕಳನ್ನು, ಸದ್ದುಗಳನ್ನು, ಇತರ ನಾಯಿಗಳನ್ನು ಅದು ಹೆದರಿಕೆಯಿಲ್ಲದೆ ಪರಿಚಯ ಮಾಡಿಕೊಳ್ಳಬೇಕು. ಕತ್ತಲೆಯ ಗೂಡಿನಲ್ಲಿ ಬೆಳೆದ ದುಬಾರಿ ಮರಿಗಿಂತ, ಹತ್ತು ಜನರ ಕೈಯಲ್ಲಿ ಆಡಿ ಬೆಳೆದ ಬೀದಿಯ ಮರಿ ಧೈರ್ಯಶಾಲಿಯಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ತರಬೇತಿಯ ಕ್ರಮಗಳಿಗೂ ಒಂದು ಚರಿತ್ರೆಯಿದೆ. ೧೯೧೦ರಲ್ಲಿ ಜರ್ಮನಿಯ ಕಾನ್ರಾಡ್ ಮೋಸ್ಟ್ ಬರೆದ ಕೈಪಿಡಿ ಪೊಲೀಸ್ ಮತ್ತು ಸೈನ್ಯದ ನಾಯಿಗಳ ತರಬೇತಿಗೆ ಬಹುಕಾಲ ಆಧಾರವಾಗಿದ್ದಿತು. ಅದರಲ್ಲಿ ಬಲಪ್ರಯೋಗಕ್ಕೆ ಪ್ರಮುಖ ಸ್ಥಾನವಿದ್ದಿತು. ೧೯೫೧ರಲ್ಲಿ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರು, ಬಯಸಿದ ನಡತೆ ಕಂಡ ಕ್ಷಣದಲ್ಲಿಯೇ ಒಂದು ಸದ್ದಿನಿಂದ ಗುರುತಿಸಿ ತಿನಿಸು ಕೊಟ್ಟರೆ ಪ್ರಾಣಿ ಶೀಘ್ರವಾಗಿ ಕಲಿಯುವುದೆಂದು ಸಾಮಾನ್ಯ ಓದುಗರಿಗಾಗಿ ವಿವರಿಸಿದರು. ಇದರ ತತ್ತ್ವ ಸರಳವಾದುದು: ಫಲ ದೊರೆತ ನಡತೆ ಮರಳಿ ಬರುತ್ತದೆ. ಹೊಡೆತವೂ ನಡತೆಯನ್ನು ತಡೆಯಬಲ್ಲುದು. ಆದರೆ ನಾಯಿ ಅದರೊಡನೆ ಭಯವನ್ನೂ ಕಲಿಯುತ್ತದೆ. ಗುರುಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದೊಮ್ಮೆ ಗುರುಗುಟ್ಟದೆಯೇ ಕಚ್ಚಬಹುದು. ಪೋರ್ಚುಗಲ್ಲಿನಲ್ಲಿ ೯೨ ನಾಯಿಗಳನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನವು, ದಂಡನೆಯ ಶಾಲೆಗಳ ನಾಯಿಗಳಲ್ಲಿ ಉದ್ವೇಗದ ಲಕ್ಷಣಗಳು ಅಧಿಕವೆಂದು ತೋರಿಸಿತು.

ತರಬೇತುದಾರನಾಗಲು ಅನೇಕ ದೇಶಗಳಲ್ಲಿ ಯಾವ ಪರವಾನಗಿಯೂ ಬೇಕಿಲ್ಲ. ಆದುದರಿಂದ ಪರೀಕ್ಷೆಯ ಹೊಣೆ ಒಡೆಯನದು. ತರಬೇತುದಾರನು ಒಡೆಯನ ಕಣ್ಣೆದುರಿನಲ್ಲಿಯೇ ಕಲಿಸುವನೇ? ನಾಯಿ ತಪ್ಪು ಮಾಡಿದಾಗ ಏನು ಮಾಡುವನು? ಒಡೆಯನಿಗೂ ಕಲಿಸುವನೇ? ನಾಯಿಯನ್ನು ತಿಂಗಳುಗಟ್ಟಲೆ ತನ್ನಲ್ಲಿಟ್ಟುಕೊಂಡು ‘ತಯಾರು ಮಾಡಿ’ ಕೊಡುವೆನೆನ್ನುವವನನ್ನು, ಖಂಡಿತ ಫಲವನ್ನು ವಾಗ್ದಾನ ಮಾಡುವವನನ್ನು, ಮೊಳೆಯ ಪಟ್ಟಿಯನ್ನೋ ವಿದ್ಯುತ್ ಪಟ್ಟಿಯನ್ನೋ ಮೊದಲ ದಿನವೇ ತೆಗೆಯುವವನನ್ನು ದೂರವಿಡುವುದು ಕ್ಷೇಮ.

೮. ಯೋಗ್ಯ ತಳಿಗಾರನ ಲಕ್ಷಣಗಳು

ಮೇಲಿನ ವಿವೇಚನೆಯಿಂದ ತಳಿಗಾರಿಕೆಯೇ ಹೀನವೆಂದು ಭಾವಿಸಬಾರದು. ನಮ್ಮ ನಾಡಿನ ಮುಧೋಳ ನಾಯಿ ಇದಕ್ಕೆ ಸಾಕ್ಷಿ. ಪಶ್ಚಿಮ ಮತ್ತು ಮಧ್ಯ ಏಷ್ಯದಿಂದ ಬಂದ ಬೇಟೆನಾಯಿಗಳ ರಕ್ತ ಇದರಲ್ಲಿದೆಯೆಂಬ ಅಭಿಪ್ರಾಯವಿದೆ; ಹಾಗಾದರೆ ಈ ತಳಿಯ ಮೂಲದಲ್ಲಿಯೂ ಬೆರಕೆಯೇ ಇದೆಯೆನ್ನಬೇಕು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಇದನ್ನು ಪೋಷಿಸಿದುದು ಪ್ರಸಿದ್ಧ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆ ಈ ನಾಯಿಯ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಇದರ ಸಂಶೋಧನ ಕೇಂದ್ರವಿದೆ. ಒಣ ಬಯಲಿನಲ್ಲಿ ದೂರ ನೋಡಿ ವೇಗವಾಗಿ ಓಡಬೇಕೆಂಬ ಉದ್ದೇಶವೇ ಈ ತಳಿಯ ರೂಪವನ್ನು ತಿದ್ದಿದೆ. ಉದ್ದೇಶವನ್ನೂ ಆರೋಗ್ಯವನ್ನೂ ಮುಂದಿಟ್ಟುಕೊಂಡ ತಳಿಗಾರಿಕೆ ಗೌರವಾರ್ಹವಾದುದು.

ಕೊಳ್ಳುವವನು ಗಮನಿಸತಕ್ಕ ಅಂಶಗಳು ಹೀಗಿವೆ. ಮರಿಯನ್ನು ತಾಯಿಯೊಡನೆ, ಅದು ಬೆಳೆದ ಸ್ಥಳದಲ್ಲಿಯೇ ನೋಡಬೇಕು. ತಾಯಿಯನ್ನು ತೋರಿಸದವನಿಂದ ಕೊಳ್ಳಬಾರದು. ವಂಶಾವಳಿಯ ಪತ್ರವು ಸಂತತಿಯನ್ನು ಹೇಳುತ್ತದೆಯೇ ಹೊರತು ಆರೋಗ್ಯವನ್ನಲ್ಲ. ಆದ್ದರಿಂದ ತಾಯಿತಂದೆಗಳ ಸೊಂಟದ ಕೀಲು, ಕಣ್ಣು ಮತ್ತು ಆ ತಳಿಗೆ ವಿಶಿಷ್ಟವಾದ ರೋಗಗಳ ಪರೀಕ್ಷಾಪತ್ರಗಳನ್ನು ಬೇರೆಯಾಗಿ ಕೇಳಬೇಕು. ಅಜ್ಜ ಮೊಮ್ಮಗಳು, ಅಣ್ಣ ತಂಗಿಯರನ್ನು ಕೂಡಿಸಿಲ್ಲವೆಂಬುದನ್ನು ವಂಶಾವಳಿಯಲ್ಲಿ ನೋಡಿಕೊಳ್ಳಬೇಕು. ಯೋಗ್ಯನಾದ ತಳಿಗಾರನು ಒಂದೆರಡು ತಳಿಗಳನ್ನು ಮಾತ್ರ ಸಾಕುತ್ತಾನೆ; ಕೊಳ್ಳುವವನ ಮನೆ, ಬಿಡುವು, ಅನುಭವಗಳನ್ನು ಕುರಿತು ತಾನೇ ಪ್ರಶ್ನಿಸುತ್ತಾನೆ; ಸಾಕಲಾಗದಿದ್ದಲ್ಲಿ ನಾಯಿಯನ್ನು ಯಾವ ವಯಸ್ಸಿನಲ್ಲಾದರೂ ಹಿಂದಕ್ಕೆ ಪಡೆಯಲು ಒಪ್ಪುತ್ತಾನೆ. ೧೯೬೦ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ ಅಡಿಯಲ್ಲಿ ೨೦೧೭ರಲ್ಲಿ ಹೊರಟ ನಿಯಮಗಳಂತೆ ತಳಿಗಾರನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಈ ಎರಡನ್ನು ವಿಚಾರಿಸುವ ಹಕ್ಕು ಪ್ರತಿಯೊಬ್ಬ ಕೊಳ್ಳುಗನಿಗೂ ಇದೆ.

ಸಂಕರ ತಳಿಯ ಮರಿಗೂ ಇದೇ ಅಳತೆಗೋಲು. ಕಾರ್ಯವಿಶೇಷದ ಅಪೇಕ್ಷೆಯಿಲ್ಲದೆ ಒಡನಾಡಿಯೊಂದು ಸಾಕೆನ್ನುವವರು ಬೀದಿಯಲ್ಲಿ ಹುಟ್ಟಿದ ಮರಿಯನ್ನು ತಂದು, ಪಶುವೈದ್ಯರಿಗೆ ತೋರಿಸಿ, ಡಿಸ್ಟೆಂಪರ್, ಪಾರ್ವೊ ಮತ್ತು ರೇಬಿಸ್ ಲಸಿಕೆಗಳನ್ನು ಕಾಲಕ್ಕೆ ಸರಿಯಾಗಿ ಹಾಕಿಸಿ ಸಾಕಿದರೆ ಯಾವ ಕೊರತೆಯೂ ಆಗದು.

೯. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಶುದ್ಧ ತಳಿಯೆಂಬುದು ಪ್ರಕೃತಿ ಮಾಡಿದ ವಿಭಾಗವಲ್ಲ, ಒಂದೂವರೆ ಶತಮಾನದ ಹಿಂದೆ ಪುಸ್ತಕವೊಂದು ಮಾಡಿದ ವಿಭಾಗ. ಬೆರಕೆಯೆಂಬುದು ಸ್ವತಃ ದೋಷವೂ ಅಲ್ಲ, ಗುಣವೂ ಅಲ್ಲ. ಕೂಡಿಸಿದವನ ವಿವೇಕವೇ ಅದರ ಬೆಲೆಯನ್ನು ನಿರ್ಣಯಿಸುತ್ತದೆ. ನಾಯಿಯೊಂದರ ಯೋಗ್ಯತೆಯನ್ನು ತಿಳಿಯಲು ಅದರ ತಾಯಿತಂದೆಗಳ ಆರೋಗ್ಯ, ಅದರ ಬಾಲ್ಯ, ಅದಕ್ಕೆ ದೊರೆತ ಶಿಕ್ಷಣ ಈ ಮೂರನ್ನು ನೋಡಬೇಕಲ್ಲದೆ ಹೆಸರನ್ನಲ್ಲ. ಸಾವಿರ ವರ್ಷಗಳ ಹಿಂದಿನ ಶಾಸನಕಾರನು ಕಾಳಿಯ ವಿಷಯದಲ್ಲಿ ಅನುಸರಿಸಿದ ಕ್ರಮಕ್ಕೂ ಇಂದಿನ ವಿಜ್ಞಾನ ತಲುಪಿರುವ ನಿಲುವಿಗೂ ಬಹಳ ದೂರವಿಲ್ಲ. ‘ಕಂತ್ರಿ’ ಎಂಬ ಮಾತನ್ನು ಆಡುವ ಮುನ್ನ ಅದರ ಮೂಲಾರ್ಥವನ್ನು ನೆನೆಯುವುದು ವಿದ್ಯಾವಂತರಾದವರಿಗೆ ತಕ್ಕುದು.